ಹಳದಿ ವ್ಯಾನಿನ ಎರಡು ಬಾಗಿಲು

ಮೇ 4, ಸೋಮವಾರ

ಕಾಲು: ಬೆಳಿಗ್ಗೆ ನೋವು, ಸಂಜೆಯೂ ನೋವು. ವ್ಯಾಯಾಮ ಅರ್ಧ ಮಾಡಿದೆ.

ಕಾಲಿನ ಸಮಾಚಾರ ದಿನಾ ಬರೆದಿಡಿ ಎಂದು ಫಿಸಿಯೋ ಹುಡುಗಿ ಈ ಡೈರಿ ಕೊಟ್ಟು ತಿಂಗಳಾಯಿತು. ಇಷ್ಟಗಲ ಪುಟಕ್ಕೆ ನನ್ನದೊಂದು ಕಾಲು ಎಲ್ಲಿ ಸಾಲುತ್ತದೆ? ಹಾಗಾಗಿ ಉಳಿದ ಜಾಗಕ್ಕೆ ಮನೆಯ ವಿಷಯ ತುಂಬಿಸುತ್ತಿದ್ದೇನೆ. ಇದನ್ನು ಯಾರೂ ಓದುವುದಿಲ್ಲ. ನನ್ನ ಅಕ್ಷರ ನೋಡಿದರೆ ಯಾರಿಗೂ ಓದಲಾಗುವುದೂ ಇಲ್ಲ.

ಇವತ್ತು ನನ್ನ ಹೆಂಡತಿಯ ವ್ಯಾನು ತಪಾಸಣೆಯಲ್ಲಿ ಫೇಲಾಯಿತು. ಶಾಲೆಗೆ ಮಕ್ಕಳನ್ನು ಕರೆದೊಯ್ಯುವ ಹಳೆಯ ವ್ಯಾನು. ಅವಳೇ ಡ್ರೈವರು, ಅವಳೇ ಮಾಲೀಕಳು. ಇಂಜಿನ್ ಸರಿ, ಬ್ರೇಕ್ ಸರಿ, ಟೈರು ಸರಿ ಎಂದು ಗುರುತು ಹಾಕುತ್ತ ಬಂದ ಇನ್ಸ್‌ಪೆಕ್ಟರು ಎಡಗಡೆ ಮುಂದಿನ ಬಾಗಿಲಿನ ಬುಡಕ್ಕೆ ಪೆನ್ನಿನಿಂದ ಕುಟ್ಟಿದರಂತೆ. ಪೆನ್ನು ಒಳಗೆ ಹೋಯಿತು. ಮಕ್ಕಳು ಹತ್ತುವ, ಪಕ್ಕಕ್ಕೆ ಸರಿಯುವ ದೊಡ್ಡ ಬಾಗಿಲಿಗೂ ಕುಟ್ಟಿದರು. ಅಲ್ಲೂ ಹೋಯಿತು.

"'ಇದು ಬಾಗಿಲಲ್ಲಮ್ಮ, ಬರೀ ಬಣ್ಣ ನಿಂತ್ಕೊಂಡಿದೆ ಅಷ್ಟೆ' ಅಂದ್ರು," ಎಂದು ಇವಳು ಹೇಳಿದಳು. ಹೇಳುವಾಗ ನಕ್ಕಳು. ಆಮೇಲೆ ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡು ವ್ಯಾನಿನಿಂದ ಇಳಿಯದೆ ಬಹಳ ಹೊತ್ತು ಕೂತಿದ್ದಳು.

ಇಪ್ಪತ್ತೆಂಟಕ್ಕೆ ಮತ್ತೆ ತೋರಿಸಬೇಕು. ಒಂದನೇ ತಾರೀಖು ಶಾಲೆ ಶುರು. ಅಷ್ಟರೊಳಗೆ ಪಾಸಾಗದಿದ್ದರೆ ತಂದೆತಾಯಿಯರು ಮಕ್ಕಳನ್ನು ಬೇರೆ ವ್ಯಾನಿಗೆ ಹತ್ತಿಸುತ್ತಾರೆ. ಹಾಗೆ ಹೋದ ಮಕ್ಕಳು ಮತ್ತೆ ಬರುವುದಿಲ್ಲ. ಚಳಿಗಾಲದಲ್ಲಿ ನಾನು ಏಣಿಯಿಂದ ಬಿದ್ದು ತೊಡೆಮೂಳೆ ಮುರಿದುಕೊಂಡ ಮೇಲೆ ಈ ಮನೆ ನಡೆಯುತ್ತಿರುವುದು ಆ ವ್ಯಾನಿನ ಚಕ್ರದ ಮೇಲೆ. ಅದೂ ಒಂದು ಕಡೆ ಇರಲಿ, ಆ ಸೀಟಿನಲ್ಲಿ ಕೂತಾಗ ಇವಳ ಮುಖವೇ ಬೇರೆ.

"ವ್ಯಾನ್ ಹೋದ್ರೆ ಮನೇಲಿ ಕೂತು ಯಾರನ್ನ ನೋಡ್ಕೊಳ್ಳಲಿ? ನಿಮ್ಮನ್ನೂ ನಿಮ್ಮ ಕಾಲನ್ನೂನಾ?" ಎಂದಳು.

ಸಂಜೆ ಹಜಾರದ ಬಲ್ಬು ಹೋಯಿತು. ಅವಳೇ ಸ್ಟೂಲು ಹತ್ತಿ ಹಾಕಿದಳು. ನಾನು ಕೆಳಗೆ ನಿಂತು ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು ಎಂದು ಸಲಹೆ ಕೊಟ್ಟೆ. ಮೂರು ಮಹಡಿ ಎತ್ತರದಲ್ಲಿ ನಿಂತು ಜನರ ಮನೆಯ ಸೂರಂಚಿಗೆ ಬಣ್ಣ ಬಳಿದವನು ನಾನು. ಮೂಳೆ ಕೂಡಿದೆ, ಕೆಲಸಕ್ಕೆ ಹೋಗಿ ಎನ್ನುತ್ತಾರೆ ಡಾಕ್ಟರು. ಕೂಡಿದ ಮೂಳೆ ಅವರ ಎಕ್ಸ್‌ರೇಯಲ್ಲಿ ಕಾಣುತ್ತದೆ. ಏಣಿ ಕಂಡರೆ ನನ್ನ ಅಂಗಾಲು ಬೆವರುವುದು ಕಾಣುವುದಿಲ್ಲ.

ಮೇ 6, ಬುಧವಾರ

ಕಾಲು: ನೋವು.

ಭಾಮೈದ ಎರಡು ಬಾಗಿಲು ಹೊತ್ತು ತಂದ. ಅವನು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ನಮ್ಮದೇ ಮಾದರಿಯ ವ್ಯಾನು ಗುಜರಿಗೆ ಬಂದಿರುವುದನ್ನು ಕಂಡುಹಿಡಿದು, ನಿನ್ನೆ ಇಡೀ ದಿನ ಅಲ್ಲೇ ಕೂತು ಬಿಚ್ಚಿಸಿದ್ದಾನೆ. ಬಾಗಿಲು ಸಿಗುತ್ತದೋ ಇಲ್ಲವೋ ಎಂದು ಎರಡು ದಿನದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದ ನನ್ನ ಹೆಂಡತಿ ಅವುಗಳನ್ನು ಕಂಡದ್ದೇ ತಮ್ಮನಿಗೆ ಎರಡು ಸಲ ಟೀ ಕೊಟ್ಟಳು. ನನಗೆ ಒಂದು ಸಲ.

ಒಂದು ಬಾಗಿಲು ನೀಲಿ, ಇನ್ನೊಂದು ಬಿಳಿ. ಎರಡರಲ್ಲೂ ಅಲ್ಲಲ್ಲಿ ತುಕ್ಕು, ಆದರೆ ತಗಡು ಗಟ್ಟಿ. ಕುಟ್ಟಿ ನೋಡಿದೆ.

"ಕೂರಿಸೋದು ನಂಗೆ ಬಿಡು ಅಕ್ಕ. ಆದ್ರೆ ಬಣ್ಣಕ್ಕೆ ನಮ್ಮ ಪೇಂಟರ್ ಸಿಗಲ್ಲ," ಎಂದ ಭಾಮೈದ. "ರಜಾ ಅಂತ ಎಲ್ಲಾ ಶಾಲೆ ವ್ಯಾನೂ ಅವನ ಮುಂದೆ ಸಾಲು ನಿಂತಿವೆ. ಮುಂದಿನ ತಿಂಗಳು ಬಾ ಅಂತಾನೆ."

ನಾನು ಸುಮ್ಮನಿರಬಹುದಿತ್ತು. "ಪೇಂಟರ್ ಇಲ್ಲೇ ಕೂತಿದಾನಲ್ಲ," ಎಂದುಬಿಟ್ಟೆ.

ಅಕ್ಕ ತಮ್ಮ ಇಬ್ಬರೂ ನನ್ನನ್ನು ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಭಾವ, ಇದು ತಗಡು. ಗೋಡೆ ಅಲ್ಲ."

"ತಗಡಿಗೇನು ಕೋಡು ಬಂದಿದ್ಯಾ? ಬಾಗಿಲು ನೆಲದ ಮೇಲಿರುತ್ತೆ, ನಾನೂ ನೆಲದ ಮೇಲಿರ್ತೀನಿ. ಇನ್ನೇನು?"

ಹಾಗೆಂದು ಉಪ್ಪುಕಾಗದ ಹುಡುಕಲು ಎದ್ದೆ.

ಮೇ 7, ಗುರುವಾರ

ಕಾಲು: ಕೂತು ಕೆಲಸ ಮಾಡಿದೆ, ಆದರೂ ನೋವು.

ಹಿತ್ತಿಲಲ್ಲಿ ಎರಡು ಮರದ ಸ್ಟ್ಯಾಂಡು ನಿಲ್ಲಿಸಿ ದೊಡ್ಡ ಬಾಗಿಲನ್ನು ಅದರ ಮೇಲೆ ಮಲಗಿಸಿದೆ. ಭಾಮೈದ ಗಾಜು, ಬೀಗ, ಒಳಹಲಗೆ ಎಲ್ಲ ಬಿಚ್ಚಿಟ್ಟು ಹೋಗಿದ್ದ. ತಂತಿ ಬ್ರಷ್ಷಿನಿಂದ ತುಕ್ಕು ತಿಕ್ಕಿದೆ. ಉಪ್ಪುಕಾಗದ ಹಿಡಿದು ಉಜ್ಜಿದೆ. ಮಧ್ಯಾಹ್ನದ ಹೊತ್ತಿಗೆ ಮೂಗು, ಕಿವಿ, ಹುಬ್ಬು ಎಲ್ಲ ಕೆಂಪು. ಊಟಕ್ಕೆ ಕರೆಯಲು ಬಂದ ಇವಳು ನನ್ನನ್ನು ನೋಡಿ, "ತುಕ್ಕು ಬಾಗಿಲಿಂದ ಹೋಯ್ತೋ, ನಿಮಗೆ ಹತ್ಕೊಂಡ್ತೋ?" ಎಂದಳು.

ಗೋಡೆ ಉಜ್ಜಿದರೆ ಸುಣ್ಣದ ಪುಡಿ ಉದುರುತ್ತದೆ, ಸದ್ದಿಲ್ಲ. ತಗಡು ಉಜ್ಜಿದರೆ ಕಿರುಚುತ್ತದೆ. ಪಕ್ಕದ ಮನೆಯವರು ಎರಡು ಸಲ ಇಣುಕಿ ನೋಡಿ ಕಿಟಕಿ ಮುಚ್ಚಿಕೊಂಡರು. ತುಕ್ಕಿನ ಕೆಳಗಿನ ತಗಡು ಹೊಳೆಯಲು ಶುರುವಾದಾಗ ನನಗೂ ಒಂಥರಾ ಖುಷಿಯಾಯಿತು, ಬರೆದಿಡಲು ಸಂಕೋಚವೇನು.

ಮೇ 9, ಶನಿವಾರ

ಕಾಲು: ಅಷ್ಟೇನೂ ಇಲ್ಲ.

ಇವತ್ತೂ ಉಜ್ಜಿದೆ. ಬೆರಳಿನ ತುದಿಯ ಗೆರೆಯೆಲ್ಲ ಮಾಯವಾಗಿದೆ. ಕಳ್ಳತನಕ್ಕೆ ಹೋದರೆ ಪೊಲೀಸರಿಗೆ ಸಿಗುವುದಿಲ್ಲ.

ಮೇ 12, ಮಂಗಳವಾರ

ಕಾಲು: ಬೆಳಿಗ್ಗೆ ಸ್ವಲ್ಪ.

ತುಕ್ಕು ತಿನ್ನುವ ದ್ರಾವಣ ಬಳಿದು ಒಣಗಿಸಿದ್ದಾಯಿತು. ಬಾಗಿಲಿನ ಹೊಟ್ಟೆಯೊಳಗೆ ಕೈ ಹಾಕಿ, ಸಂದುಗೊಂದಿಗೆಲ್ಲ ಮೇಣದ ಎಣ್ಣೆ ಬಳಿದೆ. ತುಕ್ಕು ಶುರುವಾಗುವುದೇ ಒಳಗಿನಿಂದಂತೆ. ಮೊಣಕೈ ತನಕ ಅಂಟು.

ಹಾಗೆ ಕೈಯಾಡಿಸುವಾಗ ಒಂದು ವಿಷಯ ಗೊತ್ತಾಯಿತು. ಎರಡು ಬಾಗಿಲಿನ ಕೆಳಂಚಿನಲ್ಲೂ ಅಲ್ಲಲ್ಲಿ ಸಣ್ಣ ಸಣ್ಣ ಸೀಳುಗಳು. ಉಗುರು ತೂರುವಷ್ಟು. ಇಷ್ಟು ದೊಡ್ಡ ಕಂಪನಿ, ಇಷ್ಟೊಂದು ಯಂತ್ರ, ತಗಡಿನ ಅಂಚು ಸರಿಯಾಗಿ ಕೂಡಿಸಲು ಬರಲಿಲ್ಲವೇ? ನೀರು ನುಗ್ಗದೆ ಇನ್ನೇನಾಗುತ್ತದೆ! ಹಳೆಯ ಬಾಗಿಲು ಕೆಳಗಿನಿಂದಲೇ ಕೊಳೆತದ್ದು ಯಾಕೆಂದು ಈಗ ಅರ್ಥವಾಯಿತು.

ಒಂದನ್ನೂ ಬಿಡಲಿಲ್ಲ. ಪುಟ್ಟಿ ತುಂಬಿ, ಒತ್ತಿ, ಉಜ್ಜಿ, ಮೇಲೆ ನೀರು ತಡೆಯುವ ಸೀಲೆಂಟ್ ಅಂಟು ಎಳೆದೆ. ಬಿರುಕು ಕಂಡರೆ ಮುಚ್ಚಬೇಕು, ಮುಚ್ಚಿದ್ದು ಗೊತ್ತಾಗಬಾರದು. ಮೂವತ್ತು ವರ್ಷ ನಾನು ಅನ್ನ ತಿಂದದ್ದು ಇದರಿಂದಲೇ. ಕೊನೆಗೆ ಅಂಚಿನ ಮೇಲೆ ಬೆರಳು ಎಳೆದರೆ ಬೆಣ್ಣೆ. ಇನ್ನು ಈ ಬಾಗಿಲಿನೊಳಗೆ ಇರುವೆಗೂ ಪ್ರವೇಶವಿಲ್ಲ.

ಇವಳನ್ನು ಕರೆದು ಬೆರಳು ಎಳೆಸಿದೆ. "ಚೆನ್ನಾಗಿದೆ," ಎಂದಳು. ಅಷ್ಟೇ. ಹೊಗಳುವುದರಲ್ಲಿ ಇವಳ ಕೈ ಬಿಗಿ.

ಮೇ 14, ಗುರುವಾರ

ಕೆಂಪು ಪ್ರೈಮರ್ ಹೊಡೆದೆ. ಸ್ಪ್ರೇ ಗನ್ನು ಉದ್ದಣ್ಣನದು. ನಾವಿಬ್ಬರೂ ಮೊದಲಿನಿಂದ ಜೊತೆಯಲ್ಲಿ ಗೋಡೆ ಬಳಿದವರು. ಅವನ ಎತ್ತರ ನೋಡಿ ಉದ್ದಣ್ಣ ಎಂದು ಕರೆದವನು ನಾನೇ, ಈಗ ಅವನ ಹೆಂಡತಿಯೂ ಹಾಗೆಯೇ ಕರೆಯುತ್ತಾಳೆ. ಗನ್ನು ಕೊಡುವ ನೆಪದಲ್ಲಿ ಬಂದು ಕೆಲಸದ ಮಾತೆತ್ತಿದ.

"ಮುಂದಿನ ತಿಂಗಳು ಮೂರು ಮಹಡಿದೊಂದು ಶುರು ಮಾಡ್ತೀನಿ. ಮೇಲೆ ಹತ್ತೋಕೆ ಬೇರೆಯವನು ಸಿಕ್ಕಿದಾನೆ. ನೀನು ಕೆಳಗೆ ಕುರ್ಚಿ ಹಾಕ್ಕೊಂಡು ಬಣ್ಣ ಕಲಸಿಕೊಡು, ಸಾಕು."

"ನೋಡೋಣ. ಕಾಲು ನೋವಿದೆ," ಎಂದೆ.

ಅವನು ಹೋದ ಮೇಲೆ ತುಂಬಾ ಹೊತ್ತು ಏನೂ ಮಾಡಲು ಮನಸ್ಸಾಗಲಿಲ್ಲ. ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದ್ದು, ಗೊತ್ತು. ಆದರೂ ಕುರ್ಚಿ ಎಂಬ ಮಾತು ಎದೆಗೆ ನಾಟಿತು.

ಮೇ 17, ಭಾನುವಾರ

ಹಳದಿಯೊಂದು ತಲೆನೋವು. ಅಂಗಡಿಯಲ್ಲಿ ವ್ಯಾನಿನ ಹಳದಿ ಎಂದು ಕೊಟ್ಟದ್ದನ್ನು ತಂದು ಪಕ್ಕದಲ್ಲಿಟ್ಟರೆ, ಒಂದು ನಿಂಬೆಹಣ್ಣು, ಇನ್ನೊಂದು ಒಣಗಿದ ನಿಂಬೆಸಿಪ್ಪೆ. ವ್ಯಾನು ಇಷ್ಟು ವರ್ಷ ಬಿಸಿಲು ಕುಡಿದಿದೆ. ಡಬ್ಬಿಯಲ್ಲಿದ್ದ ಬಣ್ಣ ಇನ್ನೂ ಹೊರಗೆ ಬಂದಿಲ್ಲ.

"ಹಳದಿ ಹಳದಿನೇ ಅಲ್ವೇನ್ರೀ?" ಎಂದಳು ಇವಳು.

ಮನಸ್ಸಿಗೆ ನೋವಾಯಿತು. ಇಷ್ಟು ವರ್ಷ ಸಂಸಾರ ಮಾಡಿ ಇದನ್ನೇ ಕಲಿತದ್ದಾ ಎಂದೆ. ಬಿಳಿ ಹಾಕಿದೆ, ಮಂಕಾಯಿತು. ಕಂದು ಬಣ್ಣದ ಒಂದು ಹನಿ ಹಾಕಿದೆ, ಹತ್ತಿರ ಬಂತು. ಕಪ್ಪಿನ ಡಬ್ಬಿಯಲ್ಲಿ ಕಡ್ಡಿ ಅದ್ದಿ, ಒರೆಸಿ, ಆ ಕಡ್ಡಿಯಿಂದ ಕಲಕಿದೆ. ಡಬ್ಬಿ ಮುಚ್ಚಳದ ಮೇಲೆ ಬಳಿದು ಬಿಸಿಲಿಗೆ ಹಿಡಿದೆ, ನೆರಳಿಗೆ ಹಿಡಿದೆ. ಸಂಜೆ ವ್ಯಾನಿನ ಬಲಗಡೆ, ಹಳೆಯ ಬಣ್ಣದ ಮೇಲೆಯೇ ಒಂದು ಅಂಗೈ ಅಗಲ ಬಳಿದು ಒಣಗಿಸಿ ಇವಳನ್ನು ಕರೆದೆ. ಎಲ್ಲಿ ಬಳಿದೆ ತೋರಿಸು ಎಂದೆ. ಮೂರು ಕಡೆ ಬೆರಳಿಟ್ಟಳು, ಮೂರೂ ತಪ್ಪು.

ಜೀವ ನಿರಾಳವಾಯಿತು. ಕೈ ಕಣ್ಣು ಇನ್ನೂ ನನ್ನವೇ.

ಮೇ 19, ಮಂಗಳವಾರ

ಮೊದಲ ಸಲ ಹೊಡೆದ ಬಣ್ಣ ಇಳಿದುಹೋಯಿತು. ಗೋಡೆಗೆ ತೆಳು ಮಾಡುವಷ್ಟು ಥಿನ್ನರ್ ಹಾಕಿದ್ದೆ. ತಗಡು ಗೋಡೆಯಂತೆ ಹೀರುವುದಿಲ್ಲ, ಹನಿ ಹನಿಯಾಗಿ ಕೆಳಗೆ ಜಾರಿತು. ಉಜ್ಜಿ ಮತ್ತೆ ಹೊಡೆದೆ. ಭಾಮೈದನಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಫಿಸಿಯೋ ಹುಡುಗಿ ಫೋನು ಮಾಡಿ ಡೈರಿ ಬರೀತಿದ್ದೀರಾ ಎಂದಳು. ತಪ್ಪದೆ ಬರೀತಿದ್ದೀನಿ ಎಂದೆ. ಸುಳ್ಳಲ್ಲವಲ್ಲ.

ಮೇ 22, ಶುಕ್ರವಾರ

ಬಾಗಿಲು ಕೂತವು. ಭಾಮೈದ ಕೀಲಿಗೆ ಬೋಲ್ಟು ಬಿಗಿದ, ನಾನು ಕೆಳಗಿನಿಂದ ಭಾರ ಹಿಡಿದೆ. ದೊಡ್ಡ ಬಾಗಿಲು ಹಳಿಯ ಮೇಲೆ ಸರ್ರೆಂದು ಸರಿದು ಠಕ್ ಎಂದು ಮುಚ್ಚಿತು. ಇವಳು ಅದನ್ನು ಏಳೆಂಟು ಸಲ ತೆಗೆದು ಮುಚ್ಚಿ ಮಾಡಿದಳು. ಮೊದಲೆಲ್ಲ ಸೊಂಟ ಕೊಟ್ಟು ನೂಕಬೇಕಿತ್ತು, ಈಗ ಒಂದು ಬೆರಳು ಸಾಕು.

ಎಡಗಡೆ ನಿಂತು ನೋಡಿದರೆ ಯಾವುದು ಹಳೆಯದು, ಯಾವುದು ಹೊಸದು ಗೊತ್ತಾಗುವುದಿಲ್ಲ. ಭಾಮೈದನೂ ತಲೆಯಾಡಿಸಿದ. "ಭಾವ, ನಮ್ಮ ಗ್ಯಾರೇಜಿಗೆ ಬಂದುಬಿಡಿ," ಎಂದ. ನಾನು ದೊಡ್ಡ ಮನುಷ್ಯನಂತೆ ಯೋಚಿಸಿ ಹೇಳುತ್ತೇನೆ ಎಂದೆ.

ಸಂಜೆಯಿಂದ ಮಳೆ. ಹೊಸ ಬಣ್ಣದ ಮೇಲೆ ನೀರು ಮುತ್ತಿನಂತೆ ಉರುಳುವುದನ್ನು ಕಿಟಕಿಯಲ್ಲಿ ನಿಂತು ನೋಡಿದೆ. ಮಳೆ ಬರಲಿ ಎಂದು ಇಷ್ಟು ಧೈರ್ಯವಾಗಿ ಅಂದುಕೊಂಡದ್ದು ಇದೇ ಮೊದಲು.

ಮೇ 23, ಶನಿವಾರ

ಇವಳು ಪೆಟ್ರೋಲು ಹಾಕಿಸಲು ಹೋದವಳು ವಾಪಸ್ ಬಂದು, "ರೀ, ಸ್ವಲ್ಪ ಕೂತ್ಕೊಳ್ಳಿ," ಎಂದು ನನ್ನನ್ನು ವ್ಯಾನಿಗೆ ಹತ್ತಿಸಿದಳು. ಬೀದಿಯ ತಿರುವಿನಲ್ಲಿ ಬ್ರೇಕು ಹಾಕಿದಳು.

ಗುಳುಕ್.

ಮತ್ತೆ ಹೊರಟಳು. ಗುಳುಗುಳು. ಬ್ರೇಕು ಹಾಕಿದಳು. ಗುಳುಕ್.

ನೇರ ಗ್ಯಾರೇಜಿಗೆ ಹೋದೆವು. ಭಾಮೈದ ದೊಡ್ಡ ಬಾಗಿಲಿಗೆ ಕಿವಿ ಇಟ್ಟು ಅಲ್ಲಾಡಿಸಿದ, ಮುಂದಿನದಕ್ಕೂ ಕಿವಿ ಇಟ್ಟ. "ಭಾವ, ಒಳಗಡೆ ಮೀನು ಸಾಕಿದ್ದೀರಾ?"

"ನೀರು ಹೋಗೋಕೆ ಸಾಧ್ಯನೇ ಇಲ್ಲ," ಎಂದೆ. "ಒಂದು ತೂತು ಬಿಡದೆ ಮುಚ್ಚಿದೀನಿ."

"ಎಲ್ಲಿಂದು?"

"ಕೆಳಂಚಲ್ಲಿದ್ದವಲ್ಲ."

ಅವನು ಬಗ್ಗಿ ನನ್ನ ಬೆಣ್ಣೆಯಂಥ ಅಂಚಿನ ಮೇಲೆ ಬೆರಳಾಡಿಸಿದ. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

"ಅವು ಕಂಪನಿಯವರೇ ಬಿಟ್ಟಿರೋದು ಭಾವ. ನೀರು ಗಾಜಿನ ಸಂದಿಂದ ಬಂದೇ ಬರುತ್ತೆ, ಯಾವ ವ್ಯಾನಾದ್ರೂ ಅಷ್ಟೆ. ಬಂದಿದ್ದು ಕೆಳಗಿಂದ ಹೋಗ್ಬೇಕು. ನೀವು ಹೋಗೋ ದಾರಿ ಮುಚ್ಚಿದ್ದೀರಿ."

ಇವಳು ಮೊದಲು ತುಟಿ ಕಚ್ಚಿಕೊಂಡಳು. ಆಮೇಲೆ ತಡೆಯಲಾರದೆ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಐದು ದಿನ ಉಳಿದಿದೆ, ಇವಳ ವ್ಯಾನಿನ ಬಾಗಿಲಿಗೆ ನೀರು ತುಂಬಿಸಿ ಕೂತಿದ್ದೇನೆ.

ಮೇ 24, ಭಾನುವಾರ

ಬಾಗಿಲಿನ ವಿಷಯ ಬರೆಯುವುದಿಲ್ಲ. ಮಧ್ಯಾಹ್ನ ಊಟ ಬೇಡ ಎಂದೆ. ಆಮೇಲೆ ಮಾಡಿದೆ.

ಮೇ 25, ಸೋಮವಾರ

ಬೆಳಿಗ್ಗೆ ಇವಳು ತೆಳ್ಳಗಿನ ಸ್ಕ್ರೂಡ್ರೈವರ್ ತಂದು ನನ್ನ ಟೀ ಲೋಟದ ಪಕ್ಕ ಇಟ್ಟು ಹೋದಳು. ಮುಖ ಊದಿಸಿಕೊಂಡೇ ಹಿತ್ತಿಲಿಗೆ ಹೋಗಿ ವ್ಯಾನಿನ ಪಕ್ಕ ಮಲಗಿದೆ.

ಎಷ್ಟು ಚೆನ್ನಾಗಿ ಮುಚ್ಚಿದ್ದೆ ಎಂದರೆ ಸೀಳು ಎಲ್ಲಿತ್ತು ಎಂದು ನನಗೇ ಸಿಗಲಿಲ್ಲ. ಹಳೆಯ ಬಾಗಿಲನ್ನು ಪಕ್ಕಕ್ಕಿಟ್ಟು ಅಳತೆ ತೆಗೆದು ಚುಚ್ಚಿದೆ. ಮೊದಲ ತೂತು ಬಿಟ್ಟದ್ದೇ ತಣ್ಣನೆಯ ನೀರು ಸೊರ್ ಎಂದು ಸುರಿದು, ತೋಳೊಳಗೆ ನುಗ್ಗಿ, ಕಂಕುಳ ತನಕ ಬಂತು. ನಾನು ಕೂಗಿದ್ದು ಕೇಳಿ ಇವಳು ಓಡಿ ಬಂದಳು. ಇಬ್ಬರೂ ಅಲ್ಲೇ ಕೂತು ನೀರು ಹೋಗುವುದನ್ನು ನೋಡಿದೆವು. ಹೋಗುತ್ತಲೇ ಇತ್ತು. ನನಗೆ ಆಗ ನಗು ಬಂತು. ಎರಡು ದಿನ ತಡವಾಗಿ ಬಂದರೂ ನಗು ನಗುವೇ.

ಬಂದ ನೀರು ತಿಳಿಯಾಗಿತ್ತು, ಕೆಂಪಿರಲಿಲ್ಲ. ಒಳಗೆ ಬಳಿದಿದ್ದ ಮೇಣದ ಎಣ್ಣೆ ತಗಡನ್ನು ಕಾಪಾಡಿದೆ. ಸದ್ಯ! ಎಲ್ಲ ಸೀಳು ಬಿಡಿಸಿ, ಅಂಚಿಗೆ ಪ್ರೈಮರ್ ಮುಟ್ಟಿಸಿ, ಹಳದಿ ಹಚ್ಚಿದೆ.

ಸಂಜೆ ಭಾಮೈದ ಬಂದು ನೋಡಿ ಇನ್ನೊಂದು ಸುದ್ದಿ ಹೇಳಿದ. ಗಾಜಿನ ಸಂದಿಯಿಂದ ಇಷ್ಟು ನೀರು ಬರುವುದಿಲ್ಲವಂತೆ. ಸ್ಟೂಲು ಹತ್ತಿ ನೋಡಿದ. ದೊಡ್ಡ ಬಾಗಿಲಿನ ಮೇಲೆ, ವ್ಯಾನಿನ ಮಾಡಿನ, ಅಂದರೆ ಛಾವಣಿಯ, ಅಂಚಿನಲ್ಲಿ ನೀರು ಹರಿಯುವ ಕಾಲುವೆ ಬಾಯಿಬಿಟ್ಟಿದೆ. ಮಕ್ಕಳು ಕೂರುವ ಸೀಟಿಗೂ ಅಲ್ಲಿಂದಲೇ ಇಳಿಯುತ್ತದೆ. ಇನ್ಸ್‌ಪೆಕ್ಟರು ಪೈಪು ಹಿಡಿದು ನೀರು ಬಿಟ್ಟೇ ಬಿಡುತ್ತಾರೆ.

ಏಣಿ ಹತ್ತಿ, ಮಾಡಿನ ಮೇಲೆ ಬಗ್ಗಿ ಮಾಡುವ ಕೆಲಸ. ಭಾಮೈದನಿಗೆ ಗ್ಯಾರೇಜಿನಲ್ಲಿ ಬಿಡುವಿಲ್ಲ, ಉದ್ದಣ್ಣನಿಗೆ ಫೋನು ಮಾಡಿದೆ. ಬುಧವಾರ ಬೆಳಿಗ್ಗೆ ಬರುತ್ತೇನೆ ಎಂದ.

ಮೇ 27, ಬುಧವಾರ

ಉದ್ದಣ್ಣ ಬರಲಿಲ್ಲ. ಹತ್ತು ಗಂಟೆಗೆ ಫೋನು ಮಾಡಿ, ಇಲ್ಲಿ ಬಿಟ್ಟು ಬರೋ ಹಾಗಿಲ್ಲ, ಸಂಜೆ ನೋಡ್ತೀನಿ ಎಂದ. ಆಕಾಶದಲ್ಲಿ ಒಂದು ಕಡೆಯಿಂದ ಮೋಡ ಏಳುತ್ತಿತ್ತು. ಸೀಲೆಂಟ್ ಒಣಗಲು ಅರ್ಧ ದಿನವಾದರೂ ಬೇಕು, ನಾಳೆ ಬೆಳಿಗ್ಗೆ ತಪಾಸಣೆ. ಇವಳು ಒಂದು ಮಗುವಿನ ತಾಯಿಯನ್ನು ಕಂಡು, ವ್ಯಾನು ಬಂದೇ ಬರುತ್ತದೆ ಎಂದು ಮಾತು ಕೊಡಲು ಹೋಗಿದ್ದಳು. ಹಾಗೆ ಮಾತು ಕೊಟ್ಟು ಬಂದವಳಿಗೆ ನಾನು ಏನು ಹೇಳುವುದು?

ಗೋಡೆಗೆ ಒರಗಿದ್ದ ಏಣಿಯ ತುದಿಗೆ ಬಣ್ಣ ತರಚದಂತೆ ಬಟ್ಟೆ ಸುತ್ತಿ, ವ್ಯಾನಿಗೆ ಒರಗಿಸಿ, ಮೇಲೆ ಹೋಗಿ ನೋಡಿದರೆ, ಅಯ್ಯೋ, ಹಿಂದೆ ಯಾರೋ ಮಾಡಿದ ಕೆಲಸವೇ! ಹಳೆಯ ಅಂಟಿನ ಮೇಲೆ ಹೊಸ ಅಂಟು, ಅದರ ಮೇಲೆ ಇನ್ನೊಂದು. ಕಸ ತೆಗೆಯದೆ ಮೆತ್ತಿದ್ದಾರೆ. ಎಲ್ಲ ಕೆರೆದು ತೆಗೆಯಲು ಒಂದು ಗಂಟೆ ಹಿಡಿಯಿತು. ಬಿರುಕು ನನ್ನ ಅಂಗೈಯಷ್ಟು ಉದ್ದ. ಇದನ್ನು ಮುಚ್ಚಬೇಕೋ ಬಿಡಬೇಕೋ ಎಂದು ಈ ಸಲ ಭಾಮೈದನಿಗೆ ಮೇಲಿನಿಂದಲೇ ಫೋನು ಮಾಡಿ ಕೇಳಿದೆ.

"ಇದನ್ನ ಮುಚ್ಚಿ ಭಾವ," ಎಂದ. ಆಮೇಲೆ, "ನೀವು ಎಲ್ಲಿಂದ ಮಾತಾಡ್ತಿದೀರಾ?" ಎಂದ. ವ್ಯಾನಿನ ಹತ್ತಿರದಿಂದ ಎಂದೆ.

ಸೀಲೆಂಟ್ ಎಳೆದೆ. ಮೂಲೆಗೆ ಕೈ ನಿಲುಕಲಿಲ್ಲ, ಒಂದು ಮೊಣಕಾಲು ಮಾಡಿನ ಮೇಲೆ ಇಟ್ಟು ಮುಗಿಸಿದೆ. ಮಾಡಿನ ಮೇಲೆ ಒಂದು ಮಗುವಿನ ಹೇರ್‌ಬ್ಯಾಂಡ್ ಬಿದ್ದಿತ್ತು. ಅಲ್ಲಿಂದ ಪಕ್ಕದ ಮನೆಯ ಕಿಟಕಿಯ ಮೇಲಿನ ಸಜ್ಜಾ ಕಾಣುತ್ತದೆ. ಬಣ್ಣ ಪೂರ್ತಿ ಎದ್ದಿದೆ, ಅವರಿಗೆ ಹೇಳಬೇಕು.

ಇವಳು ಯಾವಾಗ ಬಂದಳೋ ಗೊತ್ತಿಲ್ಲ. ತಿರುಗಿ ನೋಡಿದರೆ ಏಣಿಯ ಬುಡ ಹಿಡಿದು ನಿಂತಿದ್ದಳು.

"ಬಿಡು, ಅಲ್ಲಾಡ್ತಿಲ್ಲ," ಎಂದೆ.

ಬಿಡಲಿಲ್ಲ. ನಾನು ಇಳಿದ ಮೇಲೂ ಹಿಡಿದೇ ಇದ್ದಳು. ಏಣಿಗೆ ಮೆತ್ತಿದ್ದ ಹಸಿ ಸೀಲೆಂಟ್ ಅವಳ ಎರಡು ಅಂಗೈಗೂ ಹತ್ತಿತ್ತು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದು ಟೀ ಕೊಟ್ಟಳು. ಸ್ವಲ್ಪ ಹೊತ್ತಿಗೆ ಮತ್ತೆ ಟೀ ಕೊಟ್ಟಳು. ಈಗ ತಾನೇ ಕುಡಿದೆನಲ್ಲ ಎಂದರೆ, "ಕುಡೀರಿ ಸುಮ್ನೆ," ಎಂದಳು. ನಾಳೆಯ ಗಾಬರಿ ಇರಬೇಕು, ಪಾಪ.

ಮಳೆ ಬರಲಿಲ್ಲ. ಮೋಡ ಬೇರೆ ಕಡೆ ಹೋಯಿತು.

ಮೇ 28, ಗುರುವಾರ

ತಪಾಸಣೆಯ ಅಂಗಳದೊಳಗೆ ಡ್ರೈವರಿಗೆ ಮಾತ್ರ ಪ್ರವೇಶ. ನಾನು ಗೇಟಿನ ಹೊರಗೆ ನಿಂತೆ. ಅಲ್ಲಿಂದ ವ್ಯಾನಿನ ಹಿಂಭಾಗ ಮಾತ್ರ ಕಾಣುತ್ತಿತ್ತು. ಇನ್ಸ್‌ಪೆಕ್ಟರು ಬಗ್ಗಿದ್ದು ಕಂಡಿತು. ಪೆನ್ನಿನ ಸದ್ದು ಕೇಳುವಷ್ಟು ಹತ್ತಿರವಿರಲಿಲ್ಲ. ಪೈಪು ಎಳೆದುಕೊಂಡು ಬಂದರು, ಮಾಡಿನ ಮೇಲೆ ನೀರು ಬಿಟ್ಟರು, ಬಿಡುತ್ತಲೇ ಇದ್ದರು. ಮಳೆಯೇ ಇಷ್ಟು ಬರುವುದಿಲ್ಲ ಎಂದು ಕಾವಲುಗಾರನ ಹತ್ತಿರ ದೂರಿದೆ. ಅವನು ಎಲ್ಲ ಗಾಡಿಗೂ ಇಷ್ಟೇ ಎಂದ.

ಇವಳು ವ್ಯಾನು ಓಡಿಸಿಕೊಂಡು ಹೊರಬಂದಾಗ ಮುಖದಲ್ಲಿ ಏನೂ ಇರಲಿಲ್ಲ. ಹತ್ತಿ ಕೂತೆ.

"ಏನಾಯ್ತು?"

"ಬೆಲ್ಟ್ ಹಾಕ್ಕೊಳ್ಳಿ."

"ಏನಾಯ್ತು ಹೇಳೇ."

"ಪೆನ್ನಲ್ಲಿ ಕುಟ್ಟಿದ್ರು. ಪೆನ್ನಿನ ತುದಿ ಮುರೀತು," ಎಂದಳು. 

ಅವಳ ನಗು ಆಮೇಲೆ ಬಂತು. ಪಾಸು! ಪೂರ್ತಿ ಒಂದು ವರ್ಷಕ್ಕೆ. ನೀರು ಬಿಟ್ಟ ಮೇಲೆ ಒಳಗೆ ಹತ್ತಿ ಸೀಟು ಮುಟ್ಟಿ ನೋಡಿದರಂತೆ, ಒಣಗಿತ್ತು. ಬಾಗಿಲಿನ ಕೆಳಗೆ ಕೂತು ಸೀಳುಗಳಿಂದ ನೀರು ಹೋಗುವುದನ್ನು ನೋಡಿ, "ಹೂಂ, ಸರಿಯಾಗಿ ಹೋಗ್ತಿದೆ" ಎಂದರಂತೆ. ಯಾವ ಗ್ಯಾರೇಜಿನಲ್ಲಿ ಮಾಡಿಸಿದ್ದು ಎಂದು ಕೇಳಿದ್ದಕ್ಕೆ ಇವಳು, ನಮ್ಮನೆಯವರು ಮಾಡಿದ್ದು ಎಂದಳಂತೆ. ಅದನ್ನು ನನಗೆ ಎರಡು ಸಲ ಹೇಳಿದಳು. ನಾನು ಮೂರನೇ ಸಲವೂ ಕೇಳುತ್ತಿದ್ದೆ.

ನನ್ನ ಕಣ್ಣಲ್ಲಿ ನೀರು ಬಂತು, ತಡೆಯಲಿಲ್ಲ. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಭಾರ ಇಳಿದುಹೋಯಿತು.

ದಾರಿಯಲ್ಲಿ ಇವಳು, "ನಿನ್ನೆ ನೀವು ಮೇಲಿದ್ದಾಗ..." ಎಂದು ಶುರು ಮಾಡಿ, "ಏನಿಲ್ಲ ಬಿಡಿ," ಎಂದಳು.

"ಸೀಲೆಂಟ್ ಗಟ್ಟಿಯಾಗಿದೆ, ಹೆದರಬೇಡ," ಎಂದೆ. ಇವಳು ರಸ್ತೆ ನೋಡುತ್ತ ನಕ್ಕಳು.

ಮೇ 30, ಶನಿವಾರ

ಪಕ್ಕದ ಮನೆಯ ಸಜ್ಜಾ ಮುಗಿಸಿಕೊಟ್ಟೆ. ಕಿಟಕಿ ಮುಚ್ಚಿಕೊಂಡವರೇ ಇವತ್ತು ತೆಗೆದು ಮಾತಾಡಿಸಿದರು.

ಉದ್ದಣ್ಣನ ಫೋನು. ಮೇಲೆ ಹತ್ತುವ ಆಳು ಕೈಕೊಟ್ಟನಂತೆ. ಮಂಗಳವಾರದಿಂದ ಕೆಲಸ ಶುರು, ಏನು ಮಾಡುವುದು ಎಂದು ಗೋಳಾಡಿದ.

"ಸೂರಂಚಿಗೆ ಯಾವ ಬಣ್ಣ?" ಎಂದು ಕೇಳಿದೆ.

ಅವನು ಗೋಳಾಟ ಬಿಟ್ಟು, ಬಣ್ಣದ ಹೆಸರನ್ನು ಎರಡು ಸಲ ಹೇಳಿದ.

ಜೂನ್ 1, ಸೋಮವಾರ

ಇವತ್ತು ಶಾಲೆ ಶುರು. ಮೊದಲ ದಿನ ಮಕ್ಕಳನ್ನು ಹತ್ತಿಸಲು ಇನ್ನೊಂದು ಕೈ ಬೇಕು ಎಂದು ಇವಳು ನನ್ನನ್ನೂ ಕರೆದುಕೊಂಡು ಹೋದಳು. ಒಂದು ಮಗುವೂ ಬಿಟ್ಟುಹೋಗಿಲ್ಲ, ಒಂದು ಹೊಸದಾಗಿ ಸೇರಿದೆ. ಪ್ರತಿ ಮನೆಯ ಮುಂದೆ ನಾನು ಇಳಿದು ಬಾಗಿಲು ಸರಿಸಿದೆ, ಹತ್ತಿಸಿದೆ, ಠಕ್ ಎಂದು ಮುಚ್ಚಿದೆ.

ಹೊಸ ಹುಡುಗಿ ತೀರಾ ಚಿಕ್ಕವಳು. ಬೆನ್ನಿಗಿಂತ ಬ್ಯಾಗೇ ದೊಡ್ಡದು. ಹತ್ತುವಾಗ ಬ್ಯಾಗಿನ ಕಬ್ಬಿಣದ ಕೊಂಡಿ ಬಾಗಿಲಿಗೆ ಸಿಕ್ಕಿ, ಈ ತುದಿಯಿಂದ ಆ ತುದಿಗೆ ಕರ್ರೆಂದು ಎಳೆಯಿತು. ಹಳದಿಯ ಮೇಲೆ ಉದ್ದಕ್ಕೆ ಕೆಂಪು ಗೀರು.

ಹುಡುಗಿಯ ಕೆಳತುಟಿ ನಡುಗುತ್ತಿತ್ತು. ಇವಳು ಸ್ಟೀರಿಂಗ್ ಬಿಟ್ಟು ನನ್ನ ಕಡೆ ತಿರುಗಿದಳು, ನಾನು ಬಾಯಿ ತೆಗೆಯುವ ಮೊದಲೇ ನನ್ನನ್ನು ಹಿಡಿಯುವವಳಂತೆ.

ಸಿಟ್ಟು ಬರುತ್ತದೆ ಎಂದು ನಾನೂ ಕಾದೆ. ಬರಲಿಲ್ಲ. ಬದಲಿಗೆ ಒಂದು ದೊಡ್ಡ ಉಸಿರು ಬಂತು. ಒಂದು ಗೀರೂ ಬೀಳಬಾರದು ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದಾಯಿತು. ಬಿತ್ತಲ್ಲ, ಮುಗಿಯಿತು. ಬಾಗಿಲು ಬಾಗಿಲಾಗಿಯೇ ಇದೆ.

"ಹೆಸರು ಬರೆಯೋಕೆ ಹೊರಟಿದ್ಯಾ ಪುಟ್ಟಿ? ಅಕ್ಷರ ನನ್ನ ಹಾಗೇ ಇದೆಯಲ್ಲ," ಎಂದೆ. ಹುಡುಗಿ ಅಳುವುದೋ ನಗುವುದೋ ತಿಳಿಯದೆ ನೋಡಿದಳು. ಹಿಂದಿನ ಸೀಟಿನವರು ನಕ್ಕ ಮೇಲೆ ತಾನೂ ನಕ್ಕಳು.

ಎಲ್ಲರನ್ನೂ ಇಳಿಸಿ ವಾಪಸ್ ಬರುವಾಗ ಇವಳು, "ನಾಳೆನೇ ಹಚ್ಚಿಬಿಡಿ ರೀ, ತುಕ್ಕು ಹಿಡಿಯುತ್ತೆ," ಎಂದಳು.

ಮನೆ ಮುಂದೆ ಇಳಿದು ಗೀರನ್ನು ನೋಡಿದೆ. ಪ್ರೈಮರ್ ಮಾತ್ರ ಕಂಡಿದೆ, ತಗಡು ಕಂಡಿಲ್ಲ. ಅಷ್ಟು ಬೇಗ ತುಕ್ಕು ಹಿಡಿಯುವುದಿಲ್ಲ.

"ನಾಳೆ ಆಗಲ್ಲ," ಎಂದೆ. "ಬೆಳಿಗ್ಗೆನೇ ಮೂರನೇ ಮಹಡಿ ಮೇಲಿರ್ಬೇಕು. ಭಾನುವಾರ ಹಚ್ತೀನಿ."

"ಸರಿ, ಭಾನುವಾರ," ಎಂದು ಇವಳು ವ್ಯಾನಿನ ಬೀಗದ ಕೈ ತಗುಲಿಹಾಕಿ, ನನ್ನ ಕೆಲಸದ ಹಳೆಯ ಅಂಗಿ ಹುಡುಕಲು ಒಳಗೆ ಹೋದಳು.